ಬಾಲ ಕಟ್ಟಿಕೊಂಡು ಹ್ಯಾನೋವರ್‌ಗೆ

ಜರ್ಮನಿಯ ಇಬ್ಬರು ಪೊಲೀಸರು, ಸಮವಸ್ತ್ರದಲ್ಲಿ, ಸೊಂಟದ ಪಿಸ್ತೂಲಿನ ಸಮೇತ, ಆಟೋಬಾನ್ ಹೆದ್ದಾರಿಯ ಪಕ್ಕದಲ್ಲಿ ನನ್ನ ಹೆಂಡತಿಯ ದೋಸೆ ಗ್ರೈಂಡರನ್ನು ಆ ಕಡೆ ಈ ಕಡೆ ಹಿಡಿದು ಎತ್ತಿದರು. ನಾನು ಪಕ್ಕದಲ್ಲಿ ನಿಂತು "ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ" ಎಂದು ಅಪ್ಪಣೆ ಕೊಡುತ್ತಿದ್ದೆ.

ನಂಬಬೇಡಿ. ತಾಕತ್ತಿದ್ದರೆ ಕೊನೆಯ ಸಾಲಿನವರೆಗೂ ನಂಬದೇ ಓದಿ ತೋರಿಸಿ. ಇದರಲ್ಲಿ ನಾನು ಕಟ್ಟಿದ್ದು ಒಂದೇ ಒಂದು ಇದೆ. ಯಾವುದೆಂದು ಕೊನೆಗೆ ನಾನೇ ಹೇಳುತ್ತೇನೆ, ಆದರೆ ಅದು ಪೊಲೀಸರದ್ದಲ್ಲ.

ನಮ್ಮ ಮನೆಯಲ್ಲಿ ಅದರ ಹೆಸರು ಬಾಲ. ಇಲ್ಲಿಯವರು ವೋನ್‌ವಾಗನ್ ಎನ್ನುತ್ತಾರೆ. ಕಾರಿನ ಹಿಂದೆ ಸಿಕ್ಕಿಸಿಕೊಂಡು ಎಳೆದೊಯ್ಯುವ ಗಾಲಿಯ ಮನೆ. ಒಳಗೆ ಮಂಚ, ಗ್ಯಾಸ್ ಒಲೆ, ರಾತ್ರಿ ಹಾಸಿಗೆಯಾಗುವ ಒಂದು ಮೇಜು. ನಾನು ದಕ್ಷಿಣ ಜರ್ಮನಿಯ ಫೊಯರ್‌ಬಾಕ್‌ನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದಾಗ, ಮಗಳು ಇನ್ನೂ ಚಿಕ್ಕವಳಿದ್ದಾಗ ಕೊಂಡದ್ದು. ಮೊದಲ ದಿನ ಕಾರಿಗೆ ಕಟ್ಟಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದರೆ, ಮಗಳು ಕಿಟಕಿಯಿಂದ ಇಣುಕಿ ಕೂಗಿದಳು: "ಅಮ್ಮಾ, ಅಪ್ಪಂಗೆ ಬಾಲ ಬಂತು!"

ಅವಳಮ್ಮ ಅಡುಗೆಮನೆಯಿಂದಲೇ, "ಮೊದ್ಲಿಂದ್ಲೂ ಇತ್ತು ಕಣೇ, ಈಗ ಕಾಣಿಸ್ತಾ ಇದೆ ಅಷ್ಟೆ" ಎಂದಳು.

ಆ ಬೇಸಿಗೆಯಲ್ಲೇ ಉತ್ತರದ ಮರಳು ಸೀಮೆಯ ಒಂದು ಕೆರೆಗೆ ಹೋದೆವು. ಸುತ್ತ ಪೈನ್ ಮರಗಳು, ನೂರಾರು ವೋನ್‌ವಾಗನ್‌ಗಳ ನಡುವೆ ನಮ್ಮದೊಂದರಲ್ಲೇ ಒಗ್ಗರಣೆಯ ವಾಸನೆ. ಬಾಲದ ಹಿಂದೆ ನಾನು ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದ್ದೆ. ಪಕ್ಕದ ಗಾಡಿಯ ಜರ್ಮನ್ ಯಜಮಾನರು ಕಾಫಿ ಲೋಟ ಹಿಡಿದು ಬಂದು ಇದೇನೆಂದು ಕೇಳಿದರು. ಇದು ನಮ್ಮ ಕಡೆಯ ಹವಾಮಾನ ಯಂತ್ರ, ಮೆಣಸಿನಕಾಯಿಯ ತುದಿ ಸೊಟ್ಟಗಾದರೆ ಮಳೆ ಗ್ಯಾರಂಟಿ ಎಂದು ಗಂಭೀರವಾಗಿ ಹೇಳಿದೆ. ಮೆಣಸಿನಕಾಯಿ ಹುಟ್ಟುವಾಗಲೇ ಸೊಟ್ಟ. ಆದರೆ ನನ್ನ ಪುಣ್ಯಕ್ಕೆ ಸಂಜೆ ಮಳೆ ಸುರಿಯಿತು. ಮರುವರ್ಷ ಹೋಗಿ ನೋಡಿದರೆ ಅವರ ಗಾಡಿಯ ಹಿಂದೆ ನಿಂಬೆಹಣ್ಣು ತೂಗುತ್ತಿತ್ತು. ಅವರ ಆಚೆಯವರ ಗಾಡಿಯಲ್ಲೂ.

ಆ ಮಳೆ ನಮ್ಮ ತಗಡಿನ ಚಾವಣಿಯ ಮೇಲೆ ಬೀಳುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮಗಳು ಮೇಜಿನ ಹಾಸಿಗೆಯಲ್ಲಿ ಮಲಗಿ ಜರ್ಮನ್‌ನಲ್ಲಿ ಕನವರಿಸುತ್ತಿದ್ದಳು. ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಬೆಳಿಗ್ಗೆ ಎದ್ದು, ತನ್ನ ಕನಸಿನೊಳಗೆ ಅಪ್ಪ ಯಾಕೆ ಬಂದಿದ್ದು ಎಂದು ಜಗಳ ತೆಗೆಯುತ್ತಿದ್ದಳು.

ಈಗ ಅವಳು ಹ್ಯಾನೋವರ್‌ನಲ್ಲಿದ್ದಾಳೆ. ಗಂಡನಿದ್ದಾನೆ, ಅವಳಿಗೇ ಒಬ್ಬಳು ಮಗಳಿದ್ದಾಳೆ. ಹೋದ ವರ್ಷದ ಹಿಂದಿನ ವರ್ಷ ಜುಲೈನಲ್ಲಿ ಫೋನು ಬಂತು.

"ಅಪ್ಪಾ, ಈ ಸಲ ನೀವಿಬ್ರೂ ಟ್ರೇನಲ್ಲಿ ಬನ್ನಿ. ಬಾಲನ ಇವ್ರು ಬಂದು ಎಳ್ಕೊಂಡ್ ಬರ್ತಾರೆ."

"ನಿನ್ ಗಂಡ ಮೊದ್ಲು ಸೂಟ್‌ಕೇಸ್ ನೆಟ್ಟಗೆ ಎಳೆಯೋದು ಕಲೀಲಿ."

"ಅಪ್ಪಾ! ವಯಸ್ಸಾಯ್ತು ನಿಮ್ಗೆ. ನಂಗೆ ಭಯ ಆಗುತ್ತೆ."

"ಭಯ ಆದ್ರೆ ಪಂಥ ಕಟ್ಟು."

ಅವಳೂ ನನ್ನ ಮಗಳೇ, ಕಟ್ಟಿದಳು. "ಶನಿವಾರ ಸೂರ್ಯ ಮುಳುಗೋದ್ರೊಳಗೆ ನಮ್ಮನೆ ಮುಂದೆ ಬಾಲ ನಿಂತಿರ್ಬೇಕು. ನಿಂತಿದ್ರೆ ಇನ್ಮೇಲೂ ನೀವೇ ಓಡ್ಸಿ, ನಾನು ತುಟಿ ಬಿಚ್ಚಲ್ಲ. ಇಲ್ಲಾಂದ್ರೆ ಅದು ನಮ್ಮನೇಲೇ ಉಳಿಯುತ್ತೆ. ಇವ್ರು ಓಡಿಸ್ತಾರೆ, ನೀವು ಹಿಂದಿನ ಸೀಟು."

ಜುಲೈನಲ್ಲಿ ಇಲ್ಲಿ ಸೂರ್ಯ ರಾತ್ರಿ ಊಟ ಮುಗಿಸಿಕೊಂಡೇ ಮುಳುಗುವುದು. ಇದು ಪಂಥವಲ್ಲ, ಭಿಕ್ಷೆ. ನನಗೆ ಕೋಪ ಬಂತು.

ಶನಿವಾರ ಬೆಳಿಗ್ಗೆ ಹೊರಟೆವು. ಮಗಳಿಗೆ ಕೊಡಬೇಕೆಂದು ನನ್ನ ಹೆಂಡತಿ ಮೈಸೂರಿನಿಂದ ತಂದ ತನ್ನ ಕಲ್ಲಿನ ಗ್ರೈಂಡರನ್ನು ಒರೆಸಿ ಇಟ್ಟಿದ್ದಳು. ಜೊತೆಗೆ ಭಾನುವಾರದ ದೋಸೆಗೆ ಒಂದು ಡ್ರಮ್ಮು ಹಿಟ್ಟು. ಗ್ರೈಂಡರನ್ನು ಬಾಲದ ತೀರಾ ಹಿಂದಿನ ಮೂಲೆಯಲ್ಲಿಟ್ಟೆ, ಪಕ್ಕದಲ್ಲಿ ಡ್ರಮ್ಮು.

"ಅಷ್ಟು ಹಿಂದೆ ಯಾಕ್ರೀ? ಮಧ್ಯದಲ್ಲಿಡಿ."

"ಭಾರ ಎಲ್ಲಿಡ್ಬೇಕು ಅಂತ ನಂಗೆ ಹೇಳ್ಕೊಡ್ತೀಯಾ? ಜೀವಮಾನವೆಲ್ಲಾ ಅದೇ ಕೆಲಸ ಮಾಡಿದೀನಿ."

ಅವಳು ಕೈ ಮುಗಿದು ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟಳು. ಕಾರಿನ ನಾಲ್ಕಕ್ಕೆ ಮುಗಿದುಹೋಯಿತು, ಬಾಲದ ಚಕ್ರಗಳಿಗೆ ಉಳಿಯಲಿಲ್ಲ. "ಪರ್ವಾಗಿಲ್ಲ ಬಿಡು, ಅದು ನನ್ ಹಿಂದೆ ತಾನೇ ಬರೋದು" ಎಂದು ಗಾಡಿ ಹೊರಡಿಸಿಯೇಬಿಟ್ಟೆ. ಎದುರು ಮನೆಯ ಅಜ್ಜಿ ಪೊರಕೆ ಹಿಡಿದು ಜೋರಾಗಿ ಕೈ ಬೀಸಿದರು. ಎಷ್ಟು ಒಳ್ಳೆಯ ಜನ ಎಂದು ನಾನೂ ಕೈ ಬೀಸಿದೆ. ಬೀದಿಯ ಕೊನೆಗೆ ಹೋದ ಮೇಲೆ ಕರಕರ ಸದ್ದು ಕೇಳಿಸಿತು. ಬಾಲವನ್ನು ನಿಲ್ಲಿಸಿಟ್ಟಾಗ ಅದರ ಮೂತಿಗೆ ಆಸರೆಯಾಗಿ ಒಂದು ಪುಟ್ಟ ಚಕ್ರವಿರುತ್ತದೆ, ಹೊರಡುವ ಮುಂಚೆ ಮೇಲೆತ್ತಬೇಕು. ನಾನು ಎತ್ತಿರಲಿಲ್ಲ. ಆ ಅಜ್ಜಿ ಅಷ್ಟು ಹೊತ್ತು ತೋರಿಸುತ್ತಿದ್ದುದು ಅದನ್ನೇ. ಚಕ್ರದ ರಬ್ಬರು ಅರ್ಧ ಬೀದಿಯ ತುಂಬಾ ಗೆರೆ ಎಳೆದಿತ್ತು.

"ಶಕುನ" ಎಂದಳು ಹೆಂಡತಿ.

"ರಬ್ಬರು" ಎಂದೆ ನಾನು.

ಫುಲ್ಡಾ ದಾಟುವ ಹೊತ್ತಿಗೆ ರಸ್ತೆ ಕಟ್ಟಿಕೊಂಡಿತು. ಇಲ್ಲಿಯವರ ಶ್ಟಾವ್. ಕಣ್ಣು ಹಾಯುವವರೆಗೂ ಗಾಡಿಗಳು, ಮೇಲೆ ಸುಡುವ ಬಿಸಿಲು. ನಾವು ಕಾರಿನೊಳಗೆ ಎಸಿ ಹಾಕಿಕೊಂಡು ಚಕ್ಕುಲಿ ತಿನ್ನುತ್ತಾ ಹಳೆಯ ಜಗಳಗಳನ್ನೆಲ್ಲ ಮತ್ತೆ ಆಡಿ ಮುಗಿಸಿದೆವು. ಹಿಂದೆ ಆ ಮುಚ್ಚಿದ ಗಾಡಿಯ ಸೆಖೆಯಲ್ಲಿ ದೋಸೆ ಹಿಟ್ಟು ಒಂದಿದೆ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಮೈಸೂರಿನ ಏಪ್ರಿಲ್‌ನಲ್ಲಿ ಕೂಡ ಅಂಥ ಶಾಖ ಅದಕ್ಕೆ ಸಿಕ್ಕಿರಲಿಕ್ಕಿಲ್ಲ.

ರಸ್ತೆ ಬಿಟ್ಟುಕೊಂಡ ಮೇಲೆ ಕಾಸೆಲ್ ಬಳಿಯ ಗುಡ್ಡಗಳು. ಉದ್ದನೆಯ ಇಳಿಜಾರು. ತಡವಾಗಿದೆಯೆಂದು ಸ್ವಲ್ಪ ಜೋರಾಗಿಯೇ ಬಿಟ್ಟಿದ್ದೆ. ಮೊದಲು ಕನ್ನಡಿಯಲ್ಲಿ ಬಾಲ ಒಂದು ಸಲ ಬಲಕ್ಕೆ ವಾಲಿತು. ಆಮೇಲೆ ಎಡಕ್ಕೆ. ಆಮೇಲೆ ಇನ್ನೂ ಜೋರಾಗಿ ಬಲಕ್ಕೆ. ಅಷ್ಟು ವರ್ಷ ನಾನು ಹೇಳಿದಂತೆ ಹಿಂದೆ ಬಂದದ್ದು ಈಗ ನನ್ನನ್ನೇ ಅಲ್ಲಾಡಿಸತೊಡಗಿತು. ಪಕ್ಕದ ಲಾರಿ ಹಾರ್ನ್ ಹೊಡೆಯುತ್ತಲೇ ಹೋಯಿತು. ಪೆಡಲಿನಿಂದ ಕಾಲು ತೆಗೆದೆ, ಸ್ಟಿಯರಿಂಗ್ ನೆಟ್ಟಗೆ ಗಟ್ಟಿಯಾಗಿ ಹಿಡಿದುಕೊಂಡೆ, ಇನ್ನೇನೂ ಮಾಡಲಿಲ್ಲ. ಮಾಡಬಾರದು. ನಿಧಾನವಾಗುತ್ತಾ ಆಗುತ್ತಾ ಅದು ತಣ್ಣಗಾಯಿತು. ಮುಂದೆ ಸಿಕ್ಕ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದೆ.

ಬೇರೆ ಯಾರಾದರೂ ಆಗಿದ್ದರೆ ಬೇಲಿ ಮುರಿದುಕೊಂಡು ಕೆಳಗೆ ಹೋಗುತ್ತಿದ್ದರು, ಬರೆದಿಟ್ಟುಕೊಳ್ಳಿ. ಕೀಲಿ ಮಾತ್ರ ಕಾರಿನಿಂದ ಹೊರಗೆ ಬರಲಿಲ್ಲ. ಎರಡು ಸಲ ತಿರುಗಿಸಿ ನೋಡಿದೆ. ಹೆಂಡತಿ ಆ ಕಡೆಯಿಂದ ಕೈ ಚಾಚಿ ಕೀಲಿ ತಿರುಗಿಸಿ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಬೈಯಲಿಲ್ಲ. ಅವಳು ಬೈಯದೇ ಇದ್ದದ್ದು ನನಗೆ ಸರಿಬೀಳಲಿಲ್ಲ.

ಬಾಲದ ಬಾಗಿಲು ತೆಗೆದೆ. ಹಿಟ್ಟು ನಮಗಾಗಿ ಹೊಸ್ತಿಲಿಗೇ ಬಂದಿತ್ತು. ಡ್ರಮ್ಮಿನ ಮುಚ್ಚಳ ಹಾರಿ ಮಂಚದ ಮೇಲಿತ್ತು. ನೊರೆ ನೊರೆಯಾಗಿ ನೆಲವೆಲ್ಲ ಹರಿದು, ಬಾಗಿಲ ಸಂದಿಯಿಂದ ಹೊರಗೂ ಇಳಿದಿತ್ತು. ಅದರ ನಡುವೆ ಗ್ರೈಂಡರ್ ಹಿಂದಿನ ಮೂಲೆಯಲ್ಲಿ ಗೋಡೆಗೆ ಒರಗಿಕೊಂಡು ಕೂತಿತ್ತು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬಾಲದ ತುದಿಯಲ್ಲಿ ಕಲ್ಲು ಕಟ್ಟಿದರೆ ಅದು ಬೀಸದೆ ಇನ್ನೇನು ಮಾಡುತ್ತದೆ? ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ ಅದು.

ಅಷ್ಟರಲ್ಲಿ ಪೊಲೀಸ್ ಕಾರು ಬಂತು. ರಸ್ತೆಯುದ್ದಕ್ಕೂ ಬಿದ್ದಿದ್ದ ಬಿಳಿ ಹನಿಗಳನ್ನೇ ಹಿಡಿದುಕೊಂಡು ಬಂದಿದ್ದರಂತೆ. ಒಬ್ಬ ದಪ್ಪ ಮೀಸೆಯ ಹಿರಿಯ, ಜೊತೆಗೆ ಒಬ್ಬಳು ಯುವತಿ.

"ಏನಿದು ಸೋರ್ತಿರೋದು? ಬಣ್ಣವಾ? ಕೆಮಿಕಲ್ಲಾ?" ಎಂದು ಹಿರಿಯ ಬಗ್ಗಿ ಬೆರಳು ಚಾಚಿದ.

ನಾನು ಜರ್ಮನ್‌ನಲ್ಲಿ ಮೆಲ್ಲಗೆ ಹೇಳಿದೆ: "ಮುಟ್ಬೇಡಿ. ಅದಕ್ಕೆ ಜೀವ ಇದೆ. ಬೆಳಿಗ್ಗೆ ಇಷ್ಟೇ ಇಷ್ಟಿತ್ತು."

ಅವನು ಬೆರಳು ಹಿಂದಕ್ಕೆ ತೆಗೆದುಕೊಂಡ ವೇಗವನ್ನು ನೀವು ನೋಡಬೇಕಿತ್ತು.

"ಇವ್ರ ಮಾತು ಕೇಳ್ಬೇಡಿ, ಅದು ನಮ್ಮ ತಿಂಡಿ" ಎಂದು ಹೆಂಡತಿ ನಡುವೆ ಬಂದಳು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಜೀವ ಉಳಿದಿದ್ದೇ ಹೆಚ್ಚು, ಇಲ್ಲೂ ನಿಮ್ಮ ಕೋತಿಯಾಟನಾ?" ಎಂದಳು. ಬೈದಳಲ್ಲ, ನನಗೆ ಸಮಾಧಾನವಾಯಿತು.

ಯುವತಿ ಮೂಸಿ ನೋಡಿ ನಕ್ಕಳು. "ಹುಳಿಹಿಟ್ಟು! ನಮ್ಮಮ್ಮ ಬ್ರೆಡ್ಡಿಗೆ ಇಡ್ತಾರಲ್ಲ, ಅದೇ ವಾಸನೆ." ಆಮೇಲೆ ಒಳಗೆ ಇಣುಕಿ ಗ್ರೈಂಡರನ್ನು ಕಂಡು ನಗು ನಿಲ್ಲಿಸಿದಳು. ಆ ಭಾರವನ್ನು ನಡುವೆ, ಚಕ್ರಗಳ ಮೇಲಕ್ಕೆ ತಂದು ಕಟ್ಟದ ಹೊರತು ಗಾಡಿ ಇಲ್ಲಿಂದ ಅಲ್ಲಾಡುವ ಹಾಗಿಲ್ಲ ಎಂದಳು. ನಾನು ತಕ್ಷಣ ಸೊಂಟ ಬಗ್ಗಿಸಿಕೊಂಡು, ಮುಖವನ್ನು ಎಂಬತ್ತು ವರ್ಷಕ್ಕೆ ಏರಿಸಿ, ಅಯ್ಯೋ ಎಂದೆ. ಇಬ್ಬರೂ ಹಿಟ್ಟಿನಲ್ಲಿ ಬೂಟಿಟ್ಟು ಒಳಗೆ ಹೋದರು. ಮುಂದಿನದನ್ನು ಮೊದಲೇ ಹೇಳಿದ್ದೇನೆ. ಅವರ ಕಾರು ಮರೆಯಾಗುವವರೆಗೂ ನಾನು ಬಗ್ಗಿಕೊಂಡೇ ಇದ್ದೆ.

ಅಷ್ಟೆಲ್ಲ ಆದರೂ ಹ್ಯಾನೋವರ್ ಹತ್ತಿರ ಬರುವಾಗ ಸೂರ್ಯ ಇನ್ನೂ ಎತ್ತರದಲ್ಲಿದ್ದ. ಮಗಳ ಫೋನು ಬಂತು.

"ಎಲ್ಲಿದೀರಾ? ಎಲ್ಲಾ ಸರಿ ಇದೆ ತಾನೇ?"

"ಎಲ್ಲಾ ಸೂಪರ್. ನಿನ್ ಗಂಡಂಗೆ ಹೇಳು, ಹಿಂದಿನ ಸೀಟು ಅವನಿಗೇ" ಎಂದೆ. ಹೆಂಡತಿಯ ಕಡೆ ನೋಡಿದೆ. ಅವಳ ಕೈ ಬಾಗಿಲ ಹಿಡಿಯ ಮೇಲಿತ್ತು. ಆ ಇಳಿಜಾರಿನಿಂದ ಅಲ್ಲಿಯವರೆಗೂ ಅದು ಅಲ್ಲೇ ಇತ್ತು.

ಸರಿಯಾಗಿ ಅದೇ ಹೊತ್ತಿಗೆ ಒಂದು ಎತ್ತರದ ಹಳದಿ ಲಾರಿ ನನ್ನ ಮುಂದೆ ಬಂದು ಸೇರಿಕೊಂಡಿತು. ಹ್ಯಾನೋವರ್ ಎಂದು ಬರೆದ ನೀಲಿ ಬೋರ್ಡು ಅದರ ಹಿಂದೆ ಮುಚ್ಚಿಹೋಯಿತು. ತಿರುಗಬೇಕಾದ ದಾರಿ ತಪ್ಪಿತು.

"ಬೋರ್ಡು ನೋಡ್ಲಿಲ್ವಾ?"

"ಲಾರಿ ಅಡ್ಡ ಬಂತಲ್ಲೇ."

ಅವಳು ರಸ್ತೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಹೂಂ. ದೊಡ್ಡ ಲಾರಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹೇಗೂ ಉತ್ತರಕ್ಕೇ ಬಂದ್ವಿ. ಆ ಕೆರೆ ಇನ್ನೂ ಇದ್ಯಾ?" ಎಂದು ಕೇಳಿದಳು.

ಇತ್ತು. ಪೈನ್ ಮರಗಳು ಇದ್ದವು, ಮರಳು ಇತ್ತು. ನಿಂಬೆಹಣ್ಣಿನ ಯಜಮಾನರು ನಿಲ್ಲಿಸುತ್ತಿದ್ದ ಜಾಗದಲ್ಲಿ ಬೇರೆ ಯಾರದೋ ಡೇರೆ ಇತ್ತು. ಡ್ರಮ್ಮಿನ ತಳದಲ್ಲಿ ಉಳಿದಿದ್ದ ಹಿಟ್ಟಿನಲ್ಲಿ ಹೆಂಡತಿ ಬಾಲದ ಒಲೆಯ ಮೇಲೆ ದೋಸೆ ಹಾಕಿದಳು. ಚಟ್ನಿಪುಡಿ, ಬೆಣ್ಣೆ. ಅಷ್ಟು ಹಗುರವಾದ ದೋಸೆಯನ್ನು ನಾನು ಮೈಸೂರಿನಲ್ಲೂ ತಿಂದಿಲ್ಲ. ಹುಳಿ ಸ್ವಲ್ಪ ಜಾಸ್ತಿ. ಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ಒತ್ತಿಕೊಂಡು ಕೂತು, ಮಗಳು ಈಜು ಕಲಿತ ನೀರನ್ನು ನೋಡುತ್ತಾ ತಿಂದೆವು.

"ಈಗ ಹೊರಟ್ರೂ ಮುಟ್ತೀವಿ" ಎಂದಳು ಅವಳು, ಸೂರ್ಯನ ಕಡೆ ನೋಡಿ.

"ಇನ್ನೊಂದು ಹಾಕು."

ಅವಳು ಹಾಕಿದಳು. ನಿಧಾನವಾಗಿ, ಅಂಚು ಕೆಂಪಾಗುವವರೆಗೂ ಬಿಟ್ಟು.

ಮಗಳ ಬೀದಿಗೆ ತಿರುಗಿದಾಗ ದೀಪ ಹತ್ತಿತ್ತು. ಅವಳು ಗೇಟಿನ ಹತ್ತಿರವೇ ನಿಂತಿದ್ದಳು. "ಸೋತ್ರಿ!" ಎಂದು ಕೂಗಿಕೊಂಡು ಓಡಿಬಂದು ನನ್ನನ್ನು ಅಪ್ಪಿಕೊಂಡಳು, ಗೆದ್ದವರು ಅಪ್ಪಿಕೊಳ್ಳುವುದಕ್ಕಿಂತ ಗಟ್ಟಿಯಾಗಿ. "ದಾರಿ ತಪ್ಪೋರಲ್ಲ ನೀವು. ಏನಾಯ್ತು?"

"ಒಂದು ಲಾರಿ ಅಡ್ಡ ಬಂತು ಕಣಮ್ಮ. ಇಲ್ದಿದ್ರೆ ನೀನು ಗೆಲ್ತಿದ್ಯಾ?" ಎಂದು ಬಾಲದ ಕೀಲಿಯನ್ನು ಅವಳ ಕೈಯಲ್ಲಿಟ್ಟೆ. ಅಳಿಯ ಬಾಲವನ್ನು ಹಿಂದಕ್ಕೆ ತಳ್ಳಿ ಅಂಗಳದಲ್ಲಿ ನಿಲ್ಲಿಸಲು ಪಟ್ಟ ಪಾಡನ್ನು ನಾನು ಬಾಯಿ ಮುಚ್ಚಿಕೊಂಡು ನೋಡಿದೆ. ಇದನ್ನೂ ನೀವು ನಂಬಲಿಕ್ಕಿಲ್ಲ.

ಈಗ ಬೇಸಿಗೆಯಲ್ಲಿ ನಾವಿಬ್ಬರೂ ಹಿಂದಿನ ಸೀಟು. ನಡುವೆ ಮೊಮ್ಮಗಳು. ಹೊರಡುವ ಮುಂಚೆ ನನ್ನ ಹೆಂಡತಿ ಬಾಲದ ಚಕ್ರಗಳಿಗೆ ಮೊದಲು ನಿಂಬೆಹಣ್ಣಿಡುತ್ತಾಳೆ, ಕಾರಿನದ್ದು ಆಮೇಲೆ. ಅವಳ ಪ್ರಕಾರ ಅವತ್ತಿನ ತಪ್ಪು ಗ್ರೈಂಡರಿನದ್ದಲ್ಲವೇ ಅಲ್ಲ. ದಾರಿಯಲ್ಲಿ ಅವಳ ಕೈ ಬಾಗಿಲ ಹಿಡಿಯ ಮೇಲಿರುವುದಿಲ್ಲ, ಚಕ್ಕುಲಿ ಡಬ್ಬದಲ್ಲಿರುತ್ತದೆ.

ಕೊಟ್ಟ ಮಾತು ಉಳಿದಿದೆ. ಪೊಲೀಸರು ನಿಜ, ಗ್ರೈಂಡರ್ ನಿಜ, ಹವಾಮಾನ ಹೇಳುವ ಮೆಣಸಿನಕಾಯಿಯೂ ನಿಜ. ನಾನು ಕಟ್ಟಿದ್ದು ಆ ಹಳದಿ ಲಾರಿಯನ್ನು ಮಾತ್ರ. ಇವತ್ತು ಕಟ್ಟಿದ್ದಲ್ಲ, ಅವತ್ತೇ ಕಟ್ಟಿದ್ದು. ಬೋರ್ಡು ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. ನಮ್ಮ ಮುಂದೆ ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ.