ಬಾವಿಕಟ್ಟೆಯ ನಾಲ್ಕನೆಯವಳು

ನನ್ನ ಪಿಎಚ್‌ಡಿ ವೈವಾ ದಿನ ಏನೇನು ಕೆಡಬಹುದು ಎಂದು ಹಿಂದಿನ ವಾರವೇ ಯೋಚಿಸಿ ಮುಗಿಸಿದ್ದೆ. ದೇವದುರ್ಗದ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲಬಹುದು. ಬಸ್ಸು ಕೆಡದಿದ್ದರೆ ನನ್ನ ಹೊಟ್ಟೆ ಕೆಡಬಹುದು. ರಾಯಚೂರು ಮುಟ್ಟಿದ ಕೂಡಲೇ ಚಪ್ಪಲಿಯ ಉಂಗುಷ್ಟ ಕಿತ್ತುಬರಬಹುದು. ಕರೆಂಟು ಹೋಗಿ ಪ್ರೊಜೆಕ್ಟರು ಕೈಕೊಡಬಹುದು. ಇಟಲಿಯ ಹೆಸರುಗಳು ನನ್ನ ಬಾಯಲ್ಲಿ ಪಡುವ ಪಾಡು ನೋಡಿ ಪರೀಕ್ಷಕರು ನಗಬಹುದು. ನಗದೆ ಸುಮ್ಮನೆ ಕೂತರೆ ಅದು ಇನ್ನೂ ಕೆಟ್ಟದ್ದು. ಇವುಗಳಲ್ಲಿ ಒಂದೂ ಆಗಲಿಲ್ಲ.

ವಿಚಿತ್ರಗಳನ್ನು ನಂಬುವವನಲ್ಲ ನಾನು. ದಿನನಿತ್ಯದ ಚಿಂತೆಗಳೇ ತಲೆತುಂಬ ಇರುವಾಗ ದೆವ್ವ, ಶಕುನಗಳಿಗೆ ಜಾಗ ಎಲ್ಲಿಂದ ಬರಬೇಕು? ಯಾರಾದರೂ ಅಂಥ ಮಾತು ತೆಗೆದರೆ ಚಹಾದ ನೆವ ಹೇಳಿ ಎದ್ದುಹೋಗುತ್ತಿದ್ದೆ. ಆದ್ದರಿಂದ ನೀವು ಇದನ್ನು ನಂಬಲೇಬೇಕು ಎಂದು ಹಟ ಹಿಡಿಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ನಲವತ್ತು ದಾಟಿದ ಮೇಲೆ ಇಟಲಿಯ ಹಳೆಯ ಕಲಾವಿಮರ್ಶಕರ ಹುಚ್ಚು ಹತ್ತಿತು. ಅವರ ಭಾಷೆಯನ್ನು ಫೋನು ನೋಡಿಕೊಂಡು ಕಲಿತೆ. ಮಾನ್ವಿ ನನ್ನ ಹೆಂಡತಿಯ ತವರು. "ಮಾನ್ವಿಗೆ ಹೋಗಾಕ ಎಂಟು ದಿನ ಚಿಂತಿ ಮಾಡ್ತೀರಿ, ನಿಮಗ್ಯಾಕ್ರೀ ಇಟಲಿ ಉಸಾಬರಿ?" ಎನ್ನುತ್ತಿದ್ದಳು. ಉತ್ತರ ನನ್ನಲ್ಲಿತ್ತು, ಹೇಳುವ ಧೈರ್ಯ ಇರಲಿಲ್ಲ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಆ ಪುಣ್ಯಾತ್ಮರು ಇಡೀ ಗೋಡೆಯನ್ನು ಮಾತಿನಲ್ಲೇ ಎತ್ತಿ ನಿಲ್ಲಿಸುತ್ತಿದ್ದರು. ಒಂದು ಸೆರಗಿನ ನೀಲಿ ಎಂಥ ನೀಲಿ ಎಂದು, ಹೊಲದ ಬದುವಿಗೆ ಜಗಳಾಡುವ ಅಣ್ಣತಮ್ಮಂದಿರ ಹಾಗೆ ಜಗಳಾಡುತ್ತಿದ್ದರು. ಎಷ್ಟೋ ಚಿತ್ರಗಳು ಅಳಿದುಹೋಗಿವೆ, ಜಗಳ ಉಳಿದಿದೆ. ಅದನ್ನು ಓದಿದರೆ ಇವತ್ತಿಗೂ ಆ ನೀಲಿ ಕಣ್ಣಿಗೆ ಕಟ್ಟುತ್ತದೆ. ಅಳಿದುಹೋದ ಚಿತ್ರಗಳ ಈ ವರ್ಣನೆಗಳೇ ನನ್ನ ಪಿಎಚ್‌ಡಿ ವಿಷಯ.

ಅವ್ವನ ಅಕ್ಕ, ನನ್ನ ದೊಡ್ಡವ್ವ, ಗಬ್ಬೂರಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಬಹಳ ವರ್ಷವಾಯಿತು. ಭಾನುವಾರ ಅವಳ ಮುಂದೆ ಕೂತು ಒಂದೊಂದು ಚಿತ್ರವನ್ನು ಕನ್ನಡದಲ್ಲಿ ಹೇಳುವುದು, ಹೇಳಿದ್ದನ್ನು ಮನೆಗೆ ಬಂದು ಹಾಗೇ ಬರೆಯುವುದು, ಇದು ನನ್ನ ಅನುವಾದದ ಪದ್ಧತಿ. ನಮ್ಮ ಕಡೆ ಕಥೆ ಕೇಳುವವರು ನಡುನಡುವೆ 'ಹೂಂ' ಅನ್ನುತ್ತಿರಬೇಕು. ಹೂಂ ನಿಂತರೆ ಹೇಳುವವನೂ ನಿಲ್ಲಬೇಕು.

ವೈವಾದ ಹಿಂದಿನ ವರ್ಷ ಒಂದು ಭಾನುವಾರ ಇಟಲಿಯ ಸಣ್ಣ ಊರಿನ ಮಠದ ಗೋಡೆಚಿತ್ರ ಹೇಳುತ್ತಿದ್ದೆ. ಯಾವ ಕಾಲದಲ್ಲೋ ಸುಣ್ಣ ಬಳಿದು ಮುಚ್ಚಿಬಿಟ್ಟ ಚಿತ್ರ. ಕಣ್ಣಾರೆ ಕಂಡು ಬರೆದವನು ಒಬ್ಬನೇ ವಿಮರ್ಶಕ, ಅದೂ ಮುಪ್ಪಿನಲ್ಲಿ, ನೆನಪಿನಿಂದ. ಬಾವಿಯ ಹತ್ತಿರ ಮೂವರು ಹೆಂಗಸರು: ಒಬ್ಬಳು ಹಗ್ಗ ಎಳೆಯುತ್ತಾಳೆ, ಒಬ್ಬಳು ಕೊಡ ಎತ್ತುತ್ತಾಳೆ, ಇನ್ನೊಬ್ಬಳು ದಾರಿ ನೋಡುತ್ತಾಳೆ. ಇಷ್ಟು ಹೇಳಿದೆ. ಹೂಂ ಬರಲಿಲ್ಲ.

"ಮುಂದ ಹೇಳ್ಲೇನು ಯವ್ವಾ?"

"ಇನ್ನೊಬ್ಬಾಕಿನ್ನ ಬಿಟ್ಟೆಲ್ಲೋ."

"ಮೂರ ಮಂದಿ ಅದಾರ."

"ಎಡಕ್ಕ ನೋಡು. ದನ ನೀರು ಕುಡ್ಯೋ ಕಲ್ಲ ಬಾನ್ಯಾಗ ಒಂದು ಕಾಲು ಇಳಿಬಿಟ್ಟು ಕುಂತಾಳ. ಬೆನ್ನು ನಮ್ಮ ಕಡೆ ಮಾಡ್ಯಾಳ."

"ಆ ಯಜಮಾನ ಹಂಗ ಬರದಿಲ್ಲ."

"ಬರೀದಿದ್ರ ಆಕಿ ಎದ್ದು ಹೋಗ್ತಾಳೇನು?"

ಎಷ್ಟು ವಾದ ಮಾಡಿದರೂ ಹೂಂ ಹೊರಡಲಿಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. "ಆತು, ನಾಲ್ಕು ಮಂದಿ" ಎಂದು ಬಾನಿಯವಳನ್ನೂ ಸೇರಿಸಿ ಮೊದಲಿನಿಂದ ಹೇಳಿದೆ. ಹೂಂ ಬಂತು.

ಇದನ್ನು ಅಲ್ಲಿಗೇ ಮರೆತಿದ್ದೆ. ವೈವಾ ದಿನ ಬಸ್ಸಿನಲ್ಲಿ ಪ್ರಬಂಧದ ಪುಟ ತಿರುವುತ್ತಿದ್ದಾಗ ಆ ಗೋಡೆಚಿತ್ರ ಎದುರಾಯಿತು. ಅನುವಾದದಲ್ಲಿ ನಾಲ್ವರು ಹೆಂಗಸರಿದ್ದರು. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವ ಅಭ್ಯಾಸದ ಕೈಯೇ ಬಾನಿ, ಕಾಲು, ಬೆನ್ನು ಎಲ್ಲವನ್ನೂ ಬರೆದಿಟ್ಟಿತ್ತು. ಮೂಲದಲ್ಲಿ ಇಲ್ಲದವಳನ್ನು ಮೂಲದ ಹೆಸರಿನಲ್ಲಿ ಕೂರಿಸಿದ್ದೆ. ಸಂಶೋಧನೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಪರೀಕ್ಷಕರ ಕಣ್ಣಿಗೆ ಬಿದ್ದರೆ ಇಷ್ಟು ವರ್ಷದ ಓದು ನೀರುಪಾಲು. ಈಗ ಬಸ್ಸು ಕೆಟ್ಟರೆ ಸಾಕಿತ್ತು. ಅದು ಯಾವತ್ತೂ ಇಲ್ಲದ ಹಾಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಿತು.

ಪರೀಕ್ಷಕರು ಧಾರವಾಡ ಕಡೆಯ ಹಿರಿಯ ಮೇಡಂ. ಕುರ್ಚಿಯಲ್ಲಿ ಕೂತವರೇ ಅದೇ ಪುಟ ತೆರೆದರು.

"ಮೂಲದಾಗ ಮೂರು ಮಂದಿ ಅದಾರಲ್ರೀ. ನಾಲ್ಕನೇಯಾಕಿ ಎಲ್ಲಿಂದ ಬಂದ್ಳು?"

ಸುಳ್ಳು ಹೇಳೋಣವೆಂದರೆ ಅದಕ್ಕೂ ತಯಾರಿ ಬೇಕು. "ನಮ್ಮ ದೊಡ್ಡವ್ವ ಕುಂಡ್ರಿಸಿದ್ಳ್ರೀ ಮೇಡಂ" ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಕೋಣೆಯಲ್ಲಿದ್ದವರು ನಕ್ಕರು. ಮೇಡಂ ನಗಲಿಲ್ಲ. ಫೋನು ತೆಗೆದು ನನ್ನ ಮುಂದೆ ಹಿಡಿದರು. ಆ ಗೋಡೆಯ ಸುಣ್ಣವನ್ನು ಈಗಷ್ಟೇ ಕೆರೆದು ತೆಗೆದಿದ್ದಾರಂತೆ, ಅಲ್ಲಿನ ಪರಿಚಯದವರು ಫೋಟೋ ಕಳಿಸಿದ್ದರು. ಬಾವಿ ಇತ್ತು. ಮೂವರು ಹೆಂಗಸರಿದ್ದರು. ಎಡಕ್ಕೆ, ಕಲ್ಲಿನ ಬಾನಿಯಲ್ಲಿ ಒಂದು ಕಾಲು ಇಳಿಬಿಟ್ಟು, ನಮಗೆ ಬೆನ್ನು ಮಾಡಿ ಒಬ್ಬಳು ಕೂತಿದ್ದಳು.

"ಇದು ನನಗ ಬಂದದ್ದು ಮೊನ್ನೆ. ನೀವು ಬರದದ್ದು ಹ್ವಾದ ವರ್ಷ" ಎಂದರು ಮೇಡಂ, ಮೆಲ್ಲಗೆ. ನಾಲ್ಕನೆಯವಳು ದೊಡ್ಡವ್ವನ ಮಾತೆಂದು ಅಡಿಟಿಪ್ಪಣಿಯಲ್ಲಿ ಸ್ಪಷ್ಟಪಡಿಸಲು ಹೇಳಿ, ನನ್ನನ್ನು ಪಾಸು ಮಾಡಿದರು. ಆ ಫೋಟೋವನ್ನು ನಾನು ಬೇಡಿದ್ದು ತಡವಾಗಿ. ಅಷ್ಟರಲ್ಲಿ ಅವರು ಫೋನು ಬದಲಿಸಿದ್ದರು, ಫೋಟೋ ಹಳೆಯದರ ಜೊತೆಗೇ ಹೋಗಿತ್ತು.

ನೀರಿಗೆ ಹೋದ ಹೆಂಗಸರಲ್ಲಿ ಒಬ್ಬಳಾದರೂ ದಣಿದು ಕೂತೇ ಕೂರುತ್ತಾಳೆ, ದೊಡ್ಡವ್ವ ಅಂದಾಜಿನಿಂದ ಹೇಳಿರಬೇಕು ಎಂದು ಸಮಾಧಾನ ಮಾಡಿಕೊಂಡು ನೋಡಿದ್ದೇನೆ. ಆದರೆ ಆ ಕಾಲು, ಆ ಬೆನ್ನು? ರಾಯಚೂರಿನ ಆಸ್ಪತ್ರೆಯ ಆಚೆ ಅವಳು ಊರು ಕಂಡವಳಲ್ಲ. ಕೇಳಿದರೆ "ಕಂಡದ್ದು ಹೇಳಿದೆ" ಎನ್ನುತ್ತಾಳೆ. ಒಬ್ಬಳನ್ನು ಮರೆತ ಆ ಮುದುಕ ವಿಮರ್ಶಕನ ಮೇಲಿನ ಗೌರವವೂ ನನಗೆ ಕಡಿಮೆಯಾಗಿಲ್ಲ. ಕುರುಡಿಯೊಬ್ಬಳ ಎದುರು ಗೋಡೆ ನಿಲ್ಲುವಷ್ಟು ಚೆನ್ನಾಗಿ ಬರೆದವನು ಅವನೇ ತಾನೆ.

ವೈವಾದ ಸಂಜೆಯೇ ಊರಿನ ದಾರಿಯಲ್ಲಿ ಗಬ್ಬೂರಿನಲ್ಲಿ ಇಳಿದು ದೊಡ್ಡವ್ವನಿಗೆ ಎಲ್ಲ ಹೇಳಿದೆ. ಅವಳಿಗೇನೂ ಆಶ್ಚರ್ಯವಾಗಲಿಲ್ಲ.

"ಅದಿರ್ಲಿ. ನನಗ ಆಕಿ ಬೆನ್ನಷ್ಟ ಕಾಣ್ತದ. ಕೈಯಾಗ ಏನ್ ಹಿಡದಾಳಪ್ಪಾ? ಫೋಟೋದಾಗ ನೋಡಿದ್ಯಾ?"

ನೋಡುವುದು ಹೇಗೆ ಎಂದು ಇಷ್ಟು ವರ್ಷ ಓದಿದ ನಾನು, ಪಾಸಾಗುತ್ತೇನೋ ಇಲ್ಲವೋ ಎಂಬ ಗಾಬರಿಯಲ್ಲಿ ತಲೆಗಳನ್ನು ಎಣಿಸಿದ್ದೆ, ಅಷ್ಟೇ. ಅವಳ ಕೈ ನೋಡಿರಲಿಲ್ಲ.