ಅಮಾವಾಸ್ಯೆಯ ಕೇಕು

ಆಗೆಲ್ಲ ನಮ್ಮ ಅಜ್ಜಂಪುರದಲ್ಲಿ ಹುಟ್ಟುಹಬ್ಬ ಎನ್ನುವುದು ಎಲ್ಲರ ಮನೆಗೂ ಕಾಲಿಟ್ಟಿರಲಿಲ್ಲ. ಸ್ಕೂಲಿನ ಲೆಕ್ಕದಲ್ಲಿ ನಮ್ಮ ಕ್ಲಾಸಿನ ಅರ್ಧ ಮಕ್ಕಳು ಜೂನ್ ಒಂದನೇ ತಾರೀಖಿನಂದೇ ಹುಟ್ಟಿದವರು. ಸೇರಿಸುವಾಗ ಹೆಡ್‌ಮೇಷ್ಟ್ರು ಕೇಳಿದರೆ ಮನೆಯವರು "ಯಾವುದೋ ಒಂದು ಬರ್ಕಳಿ ಸಾ" ಎನ್ನುತ್ತಿದ್ದರು, ಅವರು ಬರೆದುಕೊಳ್ಳುತ್ತಿದ್ದರು. ನನ್ನದೂ ಜೂನ್ ಒಂದೇ. ಆದರೆ ನಾನು ನಿಜವಾಗಿ ಹುಟ್ಟಿದ ದಿನ ಬೀದಿಗೆಲ್ಲ ಗೊತ್ತಿತ್ತು. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನಾನು ಹುಟ್ಟಿದೆ, ಸಂಜೆ ಅಮ್ಮ ತೀರಿಕೊಂಡಳು.

ಆ ಅಮಾವಾಸ್ಯೆ ಎಂದರೆ ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ಎಲ್ಲರ ಮನೆಯಲ್ಲೂ ಹಿರಿಯರು ಎಂದರೆ ಪೇಟ ಸುತ್ತಿದ ತಾತಂದಿರು, ಬೊಚ್ಚುಬಾಯಿಯ ಮುತ್ತಜ್ಜಿಯರು. ನಮ್ಮ ಮನೆಯ ಗೋಡೆಯಲ್ಲಿ ಮಾತ್ರ ಎರಡು ಜಡೆ ಮುಂದಕ್ಕೆ ಹಾಕಿಕೊಂಡ ಹುಡುಗಿಯೊಬ್ಬಳು ಹಿರಿಯಳಾಗಿ ಕೂತಿದ್ದಳು. ಎಡೆಯ ದಿನ ಸ್ಕೂಲಿಗೆ ರಜೆ. ಹಾಗಾಗಿ ಬಣ್ಣದ ಬಟ್ಟೆ ಹಾಕಿಕೊಂಡು ಹೋಗಿ ಕ್ಲಾಸಿಗೆಲ್ಲ ಚಾಕಲೇಟು ಹಂಚುವ ಭಾಗ್ಯವೂ ನನಗಿರಲಿಲ್ಲ.

ಅದು ಈರುಳ್ಳಿ ಕಿತ್ತು ಒಣಗಿಸುವ ಕಾಲ. ಬೀದಿಯುದ್ದಕ್ಕೂ ಘಾಟು, ಕುಂಟೆಬಿಲ್ಲೆ ಆಡುವಾಗ ಕಾಲಿಗೆ ಅಂಟುವ ಕೆಂಪು ಸಿಪ್ಪೆ. ಹಾಗೆ ಆಡುತ್ತಿದ್ದಾಗಲೇ ಒಂದು ಸಲ ಎದುರುಮನೆಯ ಹೆಂಗಸು ತನ್ನ ನೆಂಟರಿಗೆ ನನ್ನನ್ನು ತೋರಿಸಿ, "ಇದೇ ಕಣೇ, ಹುಟ್ಟಿದ್ ದಿನಾನೇ ತಾಯಿನ ತಿಂದ್ಕಂಡ ಕೂಸು" ಎಂದಳು. ನಾನು ಕೇಳಿಸದವಳ ಹಾಗೆ ಬಿಲ್ಲೆ ಎಸೆದೆ. ಅದು ಗೆರೆ ಎಳೆದ ಮನೆಗಳನ್ನು ದಾಟಿ ಚರಂಡಿಗೆ ಬಿತ್ತು.

ಅಪ್ಪ ಕಡೂರಿಗೆ ಹೋಗಿಬರುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ದಿನಾ ಸಂಜೆ ಬರುವಾಗ ಚೀಲದಲ್ಲಿ ನನಗೆಂದು ಏನಾದರೂ ಇರುತ್ತಿತ್ತು, ಬೆಣ್ಣೆ ಬಿಸ್ಕತ್ತೋ ಕೊಬ್ಬರಿ ಮಿಠಾಯಿಯೋ. "ನೀನೂ ತಿನ್ನಪ್ಪ" ಎಂದು ಬಾಯಿಗೆ ಹಿಡಿದರೆ ಮುಖ ಆಚೆ ತಿರುಗಿಸಿ ನಗುತ್ತಿದ್ದರು. "ಅದು ನಿಂದು ಕಣವ್ವ." ಒಂದು ಚೂರೂ ಮುಟ್ಟುತ್ತಿರಲಿಲ್ಲ. ಅಂಥ ಅಪ್ಪ ಅಮಾವಾಸ್ಯೆಯ ದಿನ ಮಾತ್ರ ಬೇರೆ ಯಾರೋ ಆಗಿಬಿಡುತ್ತಿದ್ದರು. ರಜೆ ಹಾಕಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮನೆಗೆ ಬೆನ್ನು ಹಾಕಿ ಕೂರುತ್ತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ. ಅವರಿಗೆ ನನ್ನ ಮೇಲೆ ಕೋಪವೆಂದೇ ನಾನು ತಿಳಿದಿದ್ದೆ. ಆ ಒಂದು ದಿನ ಅಪ್ಪ ನನ್ನನ್ನು ನೋಡಿ ನಗಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ನಾಲ್ಕನೇ ಕ್ಲಾಸಿನಲ್ಲಿ ಗೆಳತಿ ರೂಪಾಳ ಮನೆಯಲ್ಲಿ ಕೇಕು ಕುಯ್ದರು. ಅದು ಕಡೂರಿನ ಬೇಕರಿಯಿಂದ ನಮ್ಮಪ್ಪನ ಬಸ್ಸಿನಲ್ಲೇ ಬಂದದ್ದು. ಅವಳ ಅಪ್ಪ ಅವಳ ಮೂಗಿಗೆ ಕ್ರೀಮು ಹಚ್ಚಿದಾಗ ಎಲ್ಲರೂ ಹೋ ಎಂದರು. ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ, "ಅಪ್ಪಾ, ನನ್ ಹುಟ್ಟಿದಬ್ಬಕ್ಕೂ ಕೇಕ್ ತಾ."

ಅಡುಗೆಮನೆಯಿಂದ ಅಜ್ಜಿ ಈಚೆ ಬಂದಳು. "ಎಡೆ ಇಡೋ ದಿನ ಕೇಕ್ ಕುಯ್ತಾರೇನೇ? ನಿಮ್ಮವ್ವನ ಮುಂದೆ ನಾನು ದೀಪ ಹಚ್ಚೋದು, ನೀನು ದೀಪ ಊದಿ ಆರಿಸೋದಾ?"

ಅಪ್ಪ ಕೈಕಾಲು ತೊಳೆಯಲು ಹೋದರು.

ಆ ವರ್ಷದ ಅಮಾವಾಸ್ಯೆಯ ಬೆಳಿಗ್ಗೆ ನೋಡಿದರೆ ಒಗೆಯುವ ಕಲ್ಲು ಖಾಲಿ. ಅಪ್ಪ ಮೊದಲ ಬಸ್ಸಿಗೇ ಹೋಗಿದ್ದರು. ಅಜ್ಜಿ ವಡೆ ಕರಿಯುವ ಹೊತ್ತಿಗೆ ದಾರ ಕಟ್ಟಿದ ಡಬ್ಬ ಹಿಡಿದು ಬಂದರು. "ಸಂಜೆಗೆ" ಎಂದು ನನ್ನ ಮುಖ ನೋಡಿ ಹೇಳಿದರು. ಅಜ್ಜಿ ಹಣೆ ಚಚ್ಚಿಕೊಂಡಳು. "ನಿಂಗೂ ಬುದ್ಧಿ ಇಲ್ವಾ? ಎಡೆ ಎತ್ತೋಗಂಟ ಅದನ್ನ ಈಚೆ ತೆಗೀಬ್ಯಾಡ." ಡಬ್ಬ ಅಟ್ಟದ ಮೇಲೆ ಹೋಯಿತು. ಆ ಕ್ಷಣ ಖುಷಿಗೆ ನನ್ನ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ.

ಮಧ್ಯಾಹ್ನ ಅಮ್ಮನ ಫೋಟೋ ಮುಂದೆ ಪಾಯಸ, ವಡೆ, ಕುಂಬಳಕಾಯಿ ಪಲ್ಯ, ಅಮ್ಮನಿಗೆ ಇಷ್ಟವಾಗಿದ್ದ ಹಾಗಲಕಾಯಿ ಗೊಜ್ಜು ಎಲ್ಲ ಬಡಿಸಿ, ಇನ್ನೊಂದು ಎಲೆಯನ್ನು ಹಿತ್ತಲ ಗೋಡೆಯ ಮೇಲೆ ಕಾಗೆಗೆ ಇಟ್ಟರು. ಕಾಗೆ ಮುಟ್ಟಿದರೆ ಹೋದವರು ಉಂಡ ಹಾಗೆ. ಆಮೇಲೆಯೇ ನಮ್ಮ ಊಟ. ಕರೆಂಟು ತಂತಿಯ ಮೇಲೆ ಸಾಲಾಗಿ ಕಾಗೆಗಳು ಕೂತಿದ್ದವು. ಒಂದೂ ಇಳಿಯಲಿಲ್ಲ. ಹೋದವರ ಮನಸ್ಸಿನಲ್ಲಿ ಕೊರಗಿದ್ದರೆ ಹೀಗಾಗುತ್ತದೆ, ಕೊರಗೇನೆಂದು ಊಹಿಸಿ ಮಾತು ಕೊಟ್ಟರೆ ಬರುತ್ತವೆ ಎನ್ನುವುದು ನಮ್ಮ ಕಡೆಯ ನಂಬಿಕೆ.

ಅಜ್ಜಿ ಕೈ ಮುಗಿದಳು. "ಬಾರವ್ವ, ಏನ್ ಕೊರಗೈತೆ ನಿಂಗೆ? ನಿನ್ ಓಲೆ ನಿನ್ ಮಗಳಿಗೇ ಎತ್ತಿಟ್ಟಿದೀನಿ." ಕಾಗೆ ಬರಲಿಲ್ಲ. "ಅವಳನ್ನ ಚೆನ್ನಾಗ್ ಓದಿಸ್ತೀವಿ ಕಣವ್ವ." ಬರಲಿಲ್ಲ. ಅಪ್ಪ ಬಂದು ಗೋಡೆಯ ಪಕ್ಕ ನಿಂತರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಎದುರುಮನೆಯವಳ ಮಾತು, ಅಟ್ಟದ ಮೇಲಿನ ಡಬ್ಬ ಎರಡೂ ಒಟ್ಟಿಗೇ ನೆನಪಾದವು. ಅಮ್ಮ ಸತ್ತ ದಿನ ನಾನು ಕೇಕು ತಿನ್ನಲು ಹೊರಟಿದ್ದೇನೆ. ಅವಳಿಗೆ ಅದೇ ಕೊರಗು.

ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹೇಳಿದೆ: ಅಮ್ಮಾ, ನಂಗೆ ಕೇಕ್ ಬ್ಯಾಡ. ಹುಟ್ಟಿದಬ್ಬಾನೂ ಬ್ಯಾಡ, ಯಾವತ್ತೂ ಕೇಳಲ್ಲ. ನೀನು ಬಂದು ಉಣ್ಣು.

ರೆಕ್ಕೆಯ ಸದ್ದಾಯಿತು. ಕಣ್ಣು ಬಿಟ್ಟರೆ ಕಾಗೆ ವಡೆ ಕಚ್ಚಿಕೊಂಡಿತ್ತು. "ಬಂದ್ಲು ಕಣೋ, ಬಂದ್ಲು!" ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಸಂಜೆ ಅಪ್ಪ ಡಬ್ಬ ಇಳಿಸಿ ದಾರ ಬಿಚ್ಚಿದರು. ಬಿಳಿ ಕ್ರೀಮಿನ ಮೇಲೆ ಒಂದು ಕೆಂಪು ಗುಲಾಬಿ. "ಬಾ ಮಗಾ."

"ನಂಗೆ ಬ್ಯಾಡಪ್ಪ."

"ಯಾಕವ್ವ? ನೀನೇ ಕೇಳಿದ್ದಲ್ವಾ?"

"ಬ್ಯಾಡ ಅಂದ್ರೆ ಬ್ಯಾಡ."

ಕಾರಣ ಹೇಳಿದರೆ ಅಮ್ಮನಿಗೆ ಕೊಟ್ಟ ಮಾತು ಕೆಡುತ್ತದೆಂದು ಹೆದರಿದ್ದೆ. ಅಪ್ಪ ಗದರಿದ್ದರೆ ಅತ್ತು ಹೇಳಿಬಿಡುತ್ತಿದ್ದೆನೇನೋ. ಅವರು ಗದರಲಿಲ್ಲ. ದಾರವನ್ನು ಮತ್ತೆ ಮೊದಲಿನ ಹಾಗೆಯೇ ಕಟ್ಟಿದರು. ಇರುವೆ ಮುತ್ತಿದ ಮೇಲೆ ಅಜ್ಜಿ ಅದನ್ನು ಹಸುವಿಗೆ ಹಾಕಿದಳು. ಅಲ್ಲಿಯವರೆಗೂ ಅಪ್ಪ ಒಂದು ಬೆರಳು ಕ್ರೀಮನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಮುಂದಿನ ಅಮಾವಾಸ್ಯೆಗೆ ಮತ್ತೆ ಒಗೆಯುವ ಕಲ್ಲಿನ ಮೇಲೆ ಬೆನ್ನು ಹಾಕಿ ಕೂತರು. ನಾನೂ ಕೇಳಲಿಲ್ಲ, ಅವರೂ ತರಲಿಲ್ಲ. ನಾವಿಬ್ಬರೂ ಹಾಗೆ ಒಂದೇ ಮನೆಯಲ್ಲಿ ಬೇರೆ ಬೇರೆಯಾಗಿ ಆ ದಿನವನ್ನು ಕಳೆಯುವುದು ಅಭ್ಯಾಸವಾಯಿತು.

ಈಗ ತರೀಕೆರೆಯಲ್ಲಿ ನನ್ನ ಕೆಲಸ, ಮಹಡಿಯ ಮೇಲೊಂದು ಬಾಡಿಗೆ ಮನೆ. ಜೂನ್ ಒಂದರಂದು ಫೋನಿನ ತುಂಬ ಕೇಕಿನ ಚಿತ್ರಗಳು ಬರುತ್ತವೆ, ಎಲ್ಲರಿಗಿಂತ ಮೊದಲು ಬ್ಯಾಂಕಿನವರು ಹಾರೈಸುತ್ತಾರೆ. ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತೇನೆ. ಅಮಾವಾಸ್ಯೆಯ ದಿನ ಫೋನು ಸುಮ್ಮನಿರುತ್ತದೆ. ಅದು ನನ್ನ ದಿನವೆಂದು ಬಲ್ಲವರಲ್ಲಿ ಅಜ್ಜಿ ಮೊದಲು ಹೋದಳು, ಆಮೇಲೆ ಅಪ್ಪನೂ ಹೋದರು.

ಕಳೆದ ಮಹಾಲಯ ಅಮಾವಾಸ್ಯೆಗೆ ಮೊದಲ ಸಲ ಒಬ್ಬಳೇ ಎಡೆ ಇಟ್ಟೆ. ಬೇಕರಿಯಿಂದ ಒಂದು ತುಂಡು ಕೇಕು ತಂದು ಎಲೆಯ ತುದಿಯಲ್ಲಿಟ್ಟು, ಎಲೆ ಹಿಡಿದು ತಾರಸಿಗೆ ಹೋದೆ. ತಂತಿಯ ಮೇಲೆ ಸಾಲುಗಟ್ಟುವ ಆ ಕಾಗೆಗಳು ಈಗೆಲ್ಲಿ? ನೀರಿನ ಟ್ಯಾಂಕಿನ ಮೇಲೆ ಒಂದೇ ಒಂದು ಕೂತಿತ್ತು, ಇಳಿಯಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಕೊನೆಗೆ ಅಕ್ಕಪಕ್ಕ ನೋಡಿ, ಗಟ್ಟಿಯಾಗಿಯೇ ಹೇಳಿದೆ.

"ಅಪ್ಪಾ, ಆವತ್ತು ನಂಗೆ ಕೇಕ್ ಬೇಕಿತ್ತು ಕಣಪ್ಪ. ಅಮ್ಮ ಬರ್ಲಿ ಅಂತ ಬ್ಯಾಡ ಅಂದೆ."

ಕಾಗೆ ಇಳಿಯಿತು. ವಡೆ ಮುರಿಯಿತು, ಪಾಯಸಕ್ಕೆ ಕೊಕ್ಕು ಹಾಕಿತು. ಕುಪ್ಪಳಿಸಿಕೊಂಡು ಕೇಕಿನ ಹತ್ತಿರ ಹೋಗಿ, ಕತ್ತು ಓರೆ ಮಾಡಿ ನೋಡಿ, ಮುಟ್ಟದೆ ಹಾರಿಹೋಯಿತು.

ತುಂಡು ಇಟ್ಟ ಹಾಗೇ ಇತ್ತು. ಅಭ್ಯಾಸಬಲದಿಂದ "ನೀನೂ ತಿನ್ನಪ್ಪ" ಎಂದು ಒಂದು ಸಲ ಹೇಳಿ, ಅಲ್ಲೇ ಬಿಸಿಲಲ್ಲಿ ಕೂತು ನಾನೇ ತಿಂದೆ.