ಸರ್ವರ್ ಓದದ ಸಾಲು

ಇದನ್ನು ಹೇಳದೆ ವರ್ಷಗಟ್ಟಲೆ ಮುಂದೂಡುತ್ತಲೇ ಬಂದಿದ್ದೇನೆ. ಇವತ್ತು ಬೆಳಿಗ್ಗೆ ಕಾಪುವಿನ ನಮ್ಮ ವಾಚನಾಲಯದ ಹಳೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಎಲ್ಲ ಸರಿಯಿದೆ ಎನ್ನುವ ಎರಡು ಇಂಗ್ಲಿಷ್ ಪದಗಳು ಪರದೆಯ ಮೇಲೆ ಮೂಡಿದವು. ಇನ್ನು ಮುಂದೂಡಬಾರದು ಅನಿಸಿತು.

ವಾಚನಾಲಯದ ಜಾಲತಾಣವನ್ನು ನಡೆಸುವ ಸರ್ವರ್ ಅದು. ಯಾವ ಪುಟವನ್ನು ಯಾರಿಗೆ ತೋರಿಸಬೇಕು ಎಂದು ಅದಕ್ಕೆ ಒಂದು ಕಡತದಲ್ಲಿ ಸಾಲುಸಾಲಾಗಿ ಅಪ್ಪಣೆ ಬರೆದಿಡಬೇಕು, ಡೈರೆಕ್ಟಿವ್ ಎನ್ನುತ್ತಾರೆ. ಎಸ್ಸೆಲ್ಸಿ ಮುಗಿಸಿ ಮಣಿಪಾಲದ ಒಂದು ಕಾಲೇಜಿಗೆ ಅಟೆಂಡರ್ ಆಗಿ ಸೇರಿದ ನಾನು ಅದನ್ನು ಕಲಿತೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಎಂಜಿನಿಯರುಗಳು ನನ್ನ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದರು. ನನ್ನ ಮದುವೆಯ ದಿನವೂ ನನ್ನನ್ನು ಯಾರೂ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

ಕಲಿಸಿದವರು ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಸಹೋದ್ಯೋಗಿ. ಅವರದೊಂದು ಪದ್ಧತಿ. ಯಾವ ಅಪ್ಪಣೆಯನ್ನು ಬದಲಿಸಿದರೂ ಅದರ ಮೇಲಿನ ಸಾಲಿನಲ್ಲಿ # ಚಿಹ್ನೆ ಹಾಕಿ, ಬದಲಿಸಿದವರ ಹೆಸರು, ಕಾರಣ ಬರೆಯಬೇಕು.

"ಆ ಸಾಲನ್ನು ಸರ್ವರ್ ಓದುವುದಿಲ್ಲ ಅಣ್ಣ. ಅದು ನಮ್ಮ ನಂತರ ಬರುವವರಿಗೆ. ಮತ್ತೆ, ಸ್ಟಾರ್ಟ್ ಮಾಡುವ ಮೊದಲು ಒಮ್ಮೆ ಪರೀಕ್ಷೆ ಮಾಡಿ. ಇದೆಂತ ನಿಮ್ಮ ಕಾಪುವಿನ ಬಸ್ಸಾ, ಓಡಿ ಹತ್ತಲಿಕ್ಕೆ?"

ಕಾಲೇಜಿನ ಜಾಲತಾಣದಲ್ಲಿ ಫಲಿತಾಂಶ ಹಾಕುವ ದಿನ, ಅವರು ಹಿಂದೆ ಬರೆದಿದ್ದ ಅಪ್ಪಣೆಯೊಂದನ್ನು ನಾನು ತಿದ್ದಿದೆ. ಅವರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದೆ. ಅಪ್ಪಣೆ ಇಲ್ಲಿಗೆ ಮುಗಿಯಿತು ಎಂದು ಹೇಳುವ ಸಾಲು ತಿದ್ದುವಾಗ ಅಳಿಸಿಹೋದದ್ದು ಕಾಣಲಿಲ್ಲ. ಪರೀಕ್ಷೆಯನ್ನೂ ಮಾಡಲಿಲ್ಲ, ನನ್ನಂಥವನಿಗೆ ಯಾಕೆ ಎಂಬ ಗರ್ವ. ನಿಲ್ಲಿಸಿದ ಸರ್ವರ್ ಮತ್ತೆ ಏಳಲಿಲ್ಲ. ಹೊರಗೆ ವಿದ್ಯಾರ್ಥಿಗಳ ಗಲಾಟೆ.

ವಿಭಾಗದ ಮುಖ್ಯಸ್ಥರು ಬರುವ ಸದ್ದಾಯಿತು. 'ಅಟೆಂಡರ್ ಕೈಗೆ ಕೊಟ್ಟರೆ ಇನ್ನೆಂತ ಆಗ್ತದೆ' ಎಂಬ ಮಾತು ಅವರು ಬಾಯಿ ತೆರೆಯುವ ಮೊದಲೇ ನನಗೆ ಕೇಳಿಸಿತು. ನನ್ನ ಹೆಸರಿನ ಸಾಲನ್ನು ಅಳಿಸಿಬಿಟ್ಟೆ.

"ಯಾರು ಮಾರಾಯ್ರೆ ಇದನ್ನು ಮುಟ್ಟಿದ್ದು?"

ಪಕ್ಕದ ಮೇಜಿನಿಂದ ಎದ್ದು ಬಂದ ಸಹೋದ್ಯೋಗಿ ಬಗ್ಗಿ ಪರದೆಯನ್ನು ನೋಡಿದರು. "ನನ್ನ ಹೆಸರು ಉಂಟಲ್ಲ ಸರ್. ನೆನಪಾಗುವುದಿಲ್ಲ... ನನ್ನದೇ ತಪ್ಪಿರಬೇಕು."

ತಮ್ಮ ನೆನಪಿಗಿಂತ ಆ ಕಡತವನ್ನೇ ಹೆಚ್ಚು ನಂಬಿದರು. ಬಿಟ್ಟುಹೋದ ಸಾಲನ್ನು ಸೇರಿಸಿ ಸರ್ವರನ್ನು ಎಬ್ಬಿಸಿದವನು ನಾನು; ಶಭಾಷ್ ಎನಿಸಿಕೊಂಡವನೂ ನಾನೇ. ಅವರನ್ನು ಹಳೆಯ ಕಾಗದಪತ್ರಗಳ ಕೋಣೆಗೆ ಹಾಕಿದರು. ಹೋಗುವಾಗ ನನ್ನ ಮೇಜಿನ ಬಳಿ ನಿಂತರು.

"ಇನ್ನು ನೀವೇ ನೋಡಿಕೊಳ್ಳಿ ಅಣ್ಣ. ನಿಮ್ಮ ಕೈ ನನ್ನದಕ್ಕಿಂತ ಭದ್ರ."

ನಿವೃತ್ತಿಯಾಗುವವರೆಗೆ ಆ ಸರ್ವರ್ ನನ್ನ ಕೈಯಲ್ಲಿ ಮತ್ತೊಮ್ಮೆ ನಿಲ್ಲಲಿಲ್ಲ. ಆ ಹೆಮ್ಮೆ ಸುಳ್ಳಲ್ಲ, ಇವತ್ತಿಗೂ ಇದೆ. ಆದರೆ ಪ್ರತಿ ಸಲವೂ ಪರೀಕ್ಷೆ ಮಾಡಿಯೇ ಸ್ಟಾರ್ಟ್ ಮಾಡುತ್ತಿದ್ದ ಆ ಅಭ್ಯಾಸ ಅವರದು. ಕಾರ್ಕಳಕ್ಕೆ ಬೇಕಾದಷ್ಟು ಬಸ್ಸುಗಳಿವೆ. ನಾನು ಒಂದನ್ನೂ ಹತ್ತಲಿಲ್ಲ.

ಇವತ್ತು ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಎಂದು ಕಂಡ ಮೇಲೂ ಕಡತವನ್ನು ಮತ್ತೆ ತೆರೆದೆ. ಎಲ್ಲ ಅಪ್ಪಣೆಗಳಿಗಿಂತ ಮೇಲೆ, # ಹಾಕಿ, ನನ್ನ ನಂತರ ಬರುವವರಿಗೆಂದು ಒಂದು ಸಾಲು ಬರೆದೆ: ಈ ಕೆಲಸ ಕಲಿಸಿದವರು, ಅಂದು ನನ್ನ ತಪ್ಪನ್ನು ಹೊತ್ತವರು, ಕಾರ್ಕಳದ ಜಲಜಾಕ್ಷಿ.